ನಾಲ್ಕು ಹಲಗೆಗಳ ಅಂಗಡಿ

ಪರೀಕ್ಷೆಗಳು ಮುಗಿದು ಬಿಸಿಲು ಬಲಿತಿದ್ದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮುಂಬಯಿಯ ಬಳಿಯ ಉಲ್ಹಾಸನಗರದ ನಮ್ಮ ಕಟ್ಟಡದ ಅಂಗಳದಲ್ಲಿ ನಿಂಬೆಹಣ್ಣಿನ ಶರಬತ್ತಿನ ಅಂಗಡಿಯೊಂದನ್ನು ಇಡಲೇಬೇಕೆಂದು ನನ್ನ ಮಗಳ ಮಕ್ಕಳಿಬ್ಬರೂ ಎದುರುಮನೆಯ ಸಿಂಧಿ ಬಾಲಕನೂ ಕೂಡಿ ಹಟ ಹಿಡಿದಾಗ, ಈ ಆಲೋಚನೆ ಅವರ ತಲೆಗೆ ಬಂದುದು ಯಾವುದೋ ಅಮೆರಿಕದ ಕಾರ್ಟೂನು ಚಿತ್ರದಿಂದ ಎಂಬುದನ್ನು ಬಲ್ಲ ನಾನು ಮೊದಲು ಉದಾಸೀನನಾಗಿಯೇ ಇದ್ದೆನು. ಆದರೆ ಅವರೊಡನೆ ಹಲಗೆ ಕೊಯ್ಯುತ್ತ ಕುಳಿತ ಎರಡು ದಿನಗಳಲ್ಲಿ, ದಾರಿಯ ಮಗ್ಗುಲಲ್ಲಿ ನಿಂತು ಬಾಯಾರಿದವರಿಗೆ ಪಾನೀಯವನ್ನು ಒದಗಿಸುವ ಈ ಉದ್ಯೋಗಕ್ಕೂ ನಾವು ವಾಸವಾಗಿರುವ ಈ ಸೀಮೆಗೂ ಇರುವ ನಂಟು ಅಮೆರಿಕವೆಂಬ ಹೆಸರೇ ಹುಟ್ಟದಿದ್ದ ಕಾಲದ್ದೆಂಬುದು ಒಂದೊಂದಾಗಿ ನೆನಪಿಗೆ ಬರತೊಡಗಿತು.

ಹಲಗೆಗಳಿಗೆ ಈ ಊರಿನಲ್ಲಿ ಬರವಿಲ್ಲ. ಫರ್ನಿಚರ್ ಬಜಾರಿನ ಅಂಗಡಿಯೊಂದರ ಹಿಂಬದಿಯಲ್ಲಿ ಬಿದ್ದಿದ್ದ ಎರಡು ಪ್ಯಾಕಿಂಗ್ ಪೆಟ್ಟಿಗೆಗಳನ್ನು ಅಲ್ಪ ಹಣಕ್ಕೆ ತಂದು, ಅವುಗಳನ್ನು ಬಿಚ್ಚಿ, ಡೊಂಕಾದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೇರ್ಪಡಿಸುವ ಕೆಲಸವನ್ನು ಕಿರಿಯವಳಿಗೆ ಒಪ್ಪಿಸಿದೆವು. ನಾಲ್ಕು ಕಾಲು, ಮೇಲೆ ನಾಲ್ಕು ಹಲಗೆ, ಎದುರಿಗೆ ಬೆಲೆ ಬರೆಯಲು ಒಂದು ಪಟ್ಟಿ. ಎತ್ತರವೋ ಎಂಟು ವರ್ಷದ ಹುಡುಗಿಯ ಎದೆಯಷ್ಟು. ಎಲ್ಲವನ್ನೂ ಜೋಡಿಸಿ ನಿಲ್ಲಿಸಿದರೆ, ಮೇಜು ಹೊಸದಾಗಿ ನಡೆಯಲು ಕಲಿತ ಕರುವಿನಂತೆ ಅತ್ತಿತ್ತ ತೂಗಿತು. ಇನ್ನಷ್ಟು ಮೊಳೆ ಹೊಡೆದರೆ ಸರಿಹೋದೀತೆಂದು ಹುಡುಗರು ಒಂದೊಂದು ಸಂದಿಗೂ ನಾಲ್ಕು ನಾಲ್ಕು ಮೊಳೆ ಹೊಡೆದು ಒಂದು ಹಲಗೆಯನ್ನು ಸೀಳಿಯೂ ಆಯಿತು. ಕಡೆಗೆ ಹಿಂಬದಿಯ ಎರಡು ಕಾಲುಗಳಿಗೆ ಮೂಲೆಯಿಂದ ಮೂಲೆಗೆ ಒಂದೇ ಒಂದು ಓರೆಪಟ್ಟಿಯನ್ನು ಬಡಿದೊಡನೆ ಅದು ನಿಶ್ಚಲವಾಗಿ ನಿಂತದ್ದನ್ನು ಕಂಡು, ‘ಅಜ್ಜಾ, ಇದೊಂದು ಪಟ್ಟಿಗೆ ಇಷ್ಟು ಬಲವೇ?’ ಎಂದು ದೊಡ್ಡವನು ಬೆರಗಾದನು. ಚೌಕಕ್ಕೆ ತನ್ನ ಆಕಾರವನ್ನು ತಾನೇ ಉಳಿಸಿಕೊಳ್ಳುವ ಶಕ್ತಿಯಿಲ್ಲ, ತ್ರಿಕೋಣಕ್ಕೆ ಉಂಟು ಎಂಬುದನ್ನು ಅವನು ಶಾಲೆಯ ಪುಸ್ತಕದಲ್ಲಿ ಓದಿದ್ದನೇ ಹೊರತು ಕೈಯಲ್ಲಿ ಹಿಡಿದು ಅಲುಗಿಸಿ ನೋಡಿರಲಿಲ್ಲ.

ಅಮೆರಿಕದಲ್ಲಿಯೂ ಈ ಅಂಗಡಿ ಹುಟ್ಟಿದುದು ಆಟಕ್ಕಾಗಿ ಅಲ್ಲ. 1870ರಲ್ಲಿ ಹಾಲೆಂಡಿನಿಂದ ಆರು ವರ್ಷದ ಮಗುವಾಗಿ ಹಡಗಿನಲ್ಲಿ ಬಂದಿಳಿದ ಎಡ್ವರ್ಡ್ ಬೋಕ್ ಎಂಬ ಬಡ ಹುಡುಗನು, ಬ್ರೂಕ್ಲಿನ್ನಿನಿಂದ ಸಮುದ್ರತೀರಕ್ಕೆ ಹೋಗುವ ಕುದುರೆ ಟ್ರಾಮುಗಳು ಕುದುರೆಗಳಿಗೆ ನೀರು ಕುಡಿಸಲು ನಿಲ್ಲುವ ಸ್ಥಳದಲ್ಲಿ, ಕುದುರೆಗಳಿಗೆ ದೊರೆಯುವ ನೀರು ಪ್ರಯಾಣಿಕರಲ್ಲಿ ಹೆಂಗಸರಿಗೂ ಮಕ್ಕಳಿಗೂ ದೊರೆಯುತ್ತಿಲ್ಲವೆಂಬುದನ್ನು ಗಮನಿಸಿ, ಬಕೆಟ್ಟಿನಲ್ಲಿ ಮಂಜುಗಡ್ಡೆಯ ನೀರನ್ನು ಹೊತ್ತು ಲೋಟಕ್ಕೆ ಒಂದು ಸೆಂಟಿನಂತೆ ಮಾರತೊಡಗಿದನು. ಇತರ ಹುಡುಗರು ಅದನ್ನೇ ಅನುಕರಿಸಿದಾಗ, ನೀರಿಗೆ ನಿಂಬೆಹಣ್ಣು ಹಿಂಡಿ ಸಕ್ಕರೆ ಬೆರೆಸಿ ಬೆಲೆಯನ್ನು ಏರಿಸಿದನು. ಮುಂದೆ ಪ್ರಸಿದ್ಧ ಪತ್ರಿಕೆಯೊಂದರ ಸಂಪಾದಕನಾಗಿ, 1920ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಪರದೇಶದಿಂದ ಬಂದ ಬಾಲಕ, ಸಾಗುವ ಬಂಡಿ, ಬಾಯಾರಿದ ಪ್ರಯಾಣಿಕ: ಈ ಮೂರನ್ನೂ ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕೆಂದು ಕೋರುತ್ತೇನೆ, ಏಕೆಂದರೆ ಇವು ನಮ್ಮ ನೆರೆಯ ಕಲ್ಯಾಣದ ರೈಲುದಾರಿಯಲ್ಲಿ ಮತ್ತೆ ಎದುರಾಗುತ್ತವೆ.

ನಮ್ಮ ದೇಶದ ಸಂಪ್ರದಾಯವಾದರೋ ಬೇರೊಂದು. ಅನ್ನವನ್ನೂ ನೀರನ್ನೂ ಮಾರಬಾರದೆಂಬುದು ನಮ್ಮ ಹಿರಿಯರ ದೃಢವಾದ ನಂಬಿಕೆಯಾಗಿದ್ದಿತು. ಸಂಸ್ಕೃತದವರು ‘ಪ್ರಪಾ’ ಎಂದೂ ಮರಾಠಿಯವರು ‘ಪಾಣಪೋಯಿ’ ಎಂದೂ ಕರೆಯುವುದಕ್ಕೆ ಕನ್ನಡಿಗನು ಅರವಟ್ಟಿಗೆಯೆಂದು ಹೆಸರಿಟ್ಟನು. ಹಳಗನ್ನಡದ ‘ಅಱ’ ಎಂದರೆ ಧರ್ಮವಾದುದರಿಂದ, ನೀರಿನ ಹೆಸರನ್ನೇ ಎತ್ತದೆ ಧರ್ಮದ ಹೆಸರಿನಿಂದಲೇ ಆ ಚಪ್ಪರವನ್ನು ಗುರುತಿಸಿದ ನಮ್ಮ ಭಾಷೆಯ ಗಾಂಭೀರ್ಯವನ್ನು ಮೆಚ್ಚಬೇಕಾಗಿದೆ. ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ, ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದುದರೊಡನೆ, ಮನುಷ್ಯರಿಗೂ ಪಶುಗಳಿಗೂ ಅಲ್ಲಲ್ಲಿ ನೀರು ಕುಡಿಯುವ ನೆಲೆಗಳನ್ನು ಮಾಡಿಸಿದುದಾಗಿ ಹೇಳಿಕೊಳ್ಳುತ್ತಾನೆ. ಇಷ್ಟು ದೂರ ಹೋಗುವುದೇಕೆ? ಉಲ್ಹಾಸನಗರದ ಪಕ್ಕದಲ್ಲಿಯೇ ಇರುವ ಕಲ್ಯಾಣವು ಸಾತವಾಹನರ ಕಾಲದಲ್ಲಿ ಹಡಗುಗಳು ಬಂದು ನಿಲ್ಲುತ್ತಿದ್ದ ಪಟ್ಟಣ. ಆ ಪಟ್ಟಣದ ಸಾಮಿದತ್ತನೆಂಬ ಅಕ್ಕಸಾಲಿಗನು ಕಾನ್ಹೇರಿಯ ಬೌದ್ಧಗುಹೆಗಳ ಬೆಟ್ಟದಲ್ಲಿ ಕುಡಿಯುವ ನೀರಿನ ತೊಟ್ಟಿಯೊಂದನ್ನು ಕಡೆಯಿಸಿ ದಾನಮಾಡಿದ ಪುಟ್ಟ ಪ್ರಾಕೃತ ಶಾಸನವು ಇಂದಿಗೂ ಅಲ್ಲಿ ಉಳಿದುಕೊಂಡಿದೆ. ಚಿನ್ನ ಬಡಿಯುತ್ತಿದ್ದವನು ತನ್ನ ಹೆಸರನ್ನು ಶಾಶ್ವತಗೊಳಿಸಲು ಚಿನ್ನವನ್ನು ಕೊಡದೆ ನೀರನ್ನು ಕೊಟ್ಟನೆಂಬುದು ನನಗೆ ಪ್ರಿಯವಾದ ಸಂಗತಿ.

ಕರ್ನಾಟಕದಲ್ಲಿ ಈ ಆಚಾರವು ರಾಮನವಮಿಯ ದಿನ ಹಬ್ಬವಾಗಿಯೇ ಉಳಿದುಬಂದಿದೆ. ಬೇಲದ ಹಣ್ಣಿನ ಪಾನಕ, ಬೆಲ್ಲಕ್ಕೆ ಶುಂಠಿ ಏಲಕ್ಕಿ ಕುಟ್ಟಿಹಾಕಿದ ನಿಂಬೆಯ ಪಾನಕ, ಕರಿಬೇವಿನ ಒಗ್ಗರಣೆಯ ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ ಇವುಗಳನ್ನು ಬೀದಿಯ ಚಪ್ಪರದಲ್ಲಿ ಹಂಚುವಾಗ, ಲೋಟ ತುಂಬುವವರು ದೊಡ್ಡವರಾದರೂ ಓಡಾಡಿ ಕೊಡುವವರು ಯಾವಾಗಲೂ ಮಕ್ಕಳೇ. ನಾನೂ ಹಾಗೆ ಓಡಾಡಿದವನೇ. ಕೊಟ್ಟುದಕ್ಕಿಂತ ಕುಡಿದುದೇ ಹೆಚ್ಚೆಂದು ಮನೆಯವರು ಹೇಳುತ್ತಿದ್ದುದುಂಟು.

ಇನ್ನು ಈ ಊರಿನ ಕಥೆ. ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಓಡಿದ ರೈಲು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕಾರವು ಕಲ್ಯಾಣದ ಸಮೀಪದ ಬಯಲಿನಲ್ಲಿ ಸೈನಿಕರು ತಂಗಿ ಮುಂದೆ ಸಾಗುವುದಕ್ಕೆಂದು ವಿಶಾಲವಾದ ಶಿಬಿರವನ್ನು ಕಟ್ಟಿತು. 2,126 ಬ್ಯಾರಕ್ಕುಗಳು, 1,173ರಷ್ಟು ಮನೆಗಳು. ಯುದ್ಧ ಮುಗಿದು ಅವು ಪಾಳು ಬಿದ್ದಿರುವಾಗಲೇ ದೇಶ ಎರಡಾಯಿತು. ಪಂಜಾಬಿಗೂ ಬಂಗಾಳಕ್ಕೂ ಭಾರತದಲ್ಲಿ ಒಂದೊಂದು ಭಾಗವಾದರೂ ಉಳಿಯಿತು; ಸಿಂಧ್ ಪ್ರಾಂತ ಮಾತ್ರ ಇಡಿಯಾಗಿ ಆಚೆಗೆ ಹೋದುದರಿಂದ, ಅಲ್ಲಿಂದ ಬಂದವರಿಗೆ ತಮ್ಮ ಮಾತನ್ನಾಡುವ ನೆಲವೆಂಬುದೇ ಇಲ್ಲಿರಲಿಲ್ಲ. 1948ರ ಜನವರಿಯ ಕರಾಚಿಯ ಗಲಭೆಗಳ ತರುವಾಯ ಹಡಗು ಹಡಗುಗಳಾಗಿ ಮುಂಬಯಿಗೆ ಬಂದಿಳಿದವರಲ್ಲಿ ಲಕ್ಷಕ್ಕೆ ಸಮೀಪದಷ್ಟು ಜನರು ಈ ಬ್ಯಾರಕ್ಕುಗಳಿಗೆ ಬಂದು ಸೇರಿದರು. ನಡುವೆ ದೊಡ್ಡ ಅಂಕಣ, ಎರಡು ತುದಿಗಳಲ್ಲಿ ಕೋಣೆಗಳಿದ್ದ ಆ ಉದ್ದನೆಯ ಕಟ್ಟಡಗಳೊಳಗೆ ಸೀರೆಯನ್ನೋ ಗೋಣಿಯನ್ನೋ ಅಡ್ಡ ಕಟ್ಟಿ, ಒಂದೊಂದು ಸಂಸಾರವು ಒಂದೊಂದು ಚೌಕವನ್ನು ಮನೆಯೆಂದು ಭಾವಿಸಿಕೊಂಡಿತು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಅಡಿಗಲ್ಲಿಟ್ಟ ಬಳಿಕ ಕಲ್ಯಾಣ ಕ್ಯಾಂಪು ಉಲ್ಹಾಸನಗರವೆನಿಸಿತು. ಬಳಿಯಲ್ಲಿ ಹರಿಯುವ ಉಲ್ಹಾಸ ನದಿಯಿಂದ ಬಂದ ಹೆಸರಿದು. ಆದರೂ ‘ಉಲ್ಲಾಸ’ವನ್ನು ಬಲ್ಲ ಕನ್ನಡದ ಕಿವಿಗೆ, ಮನೆಮಠ ಕಳೆದುಕೊಂಡವರ ಊರಿಗೆ ಈ ಹೆಸರು ಸಂದುದು ಮೊದಮೊದಲು ಕಟುವಾಗಿಯೇ ಕೇಳಿಸುತ್ತದೆ. ಊರು ನೆಲೆಗೊಂಡ ಮೇಲೂ ಜನರ ಬಾಯಲ್ಲಿ ಒಂದನೆಯ ಕ್ಯಾಂಪಿನಿಂದ ಐದನೆಯ ಕ್ಯಾಂಪಿನವರೆಗಿನ ಹಳೆಯ ಎಣಿಕೆ ಹೋಗಲಿಲ್ಲ.

ಹಿಂದಿಯವರು ಈ ಜನರನ್ನು ‘ಶರಣಾರ್ಥಿ’ಗಳೆಂದು ಕರೆದರು. ನಮ್ಮಲ್ಲಿ ‘ಶರಣು ಶರಣಾರ್ಥಿ’ ಎಂಬುದು ಒಬ್ಬರನ್ನೊಬ್ಬರು ಎದುರ್ಗೊಳ್ಳುವಾಗ ಹೇಳುವ ಪೂಜ್ಯವಾದ ವಂದನೆ. ಅದೇ ಶಬ್ದವು ವಿಂಧ್ಯದಾಚೆಗೆ ಆಶ್ರಯ ಬೇಡಿ ಬಂದವನೆಂಬ ಅರ್ಥವನ್ನು ಹೊತ್ತು ಎದೆಗೆ ಚುಚ್ಚುವ ಮಾತಾಯಿತು. ನಿರಾಶ್ರಿತರು ಅದನ್ನು ಸಹಿಸಲಿಲ್ಲ. ತಾವು ಶರಣಾರ್ಥಿಗಳಲ್ಲ, ‘ಪುರುಷಾರ್ಥಿ’ಗಳೆಂದು ಅವರು ತಮ್ಮನ್ನು ಕರೆದುಕೊಂಡರು. ಆ ಪುರುಷಾರ್ಥದ ಮೊದಲ ರೂಪ ಯಾವುದಾಗಿದ್ದಿತೆಂದರೆ, ತಟ್ಟೆಯೊಂದರಲ್ಲಿ ಮಿಠಾಯಿಯನ್ನೋ ಹಪ್ಪಳವನ್ನೋ ಇಟ್ಟುಕೊಂಡು ಲೋಕಲ್ ರೈಲುಗಳನ್ನು ಹತ್ತಿಳಿಯುವುದು. ದೊಡ್ಡವರೊಡನೆ, ಶಾಲೆಗೆ ಹೋಗುವ ಹುಡುಗರೂ ಈ ಕೆಲಸಕ್ಕಿಳಿದರು. ಬ್ರೂಕ್ಲಿನ್ನಿನ ಹುಡುಗನ ಟ್ರಾಮು ಇಲ್ಲಿ ರೈಲಾಗಿದ್ದಿತು, ಅಷ್ಟೆ. ಸ್ವಲ್ಪ ಹಣ ಕೂಡಿದೊಡನೆ ತಟ್ಟೆ ನೆಲಕ್ಕಿಳಿದು ಹಲಗೆಯಾಯಿತು, ಹಲಗೆ ಗಾಡಿಯಾಯಿತು, ಗಾಡಿ ಗೋಡೆಯುಳ್ಳ ಅಂಗಡಿಯಾಯಿತು. ಈ ಊರಿನಲ್ಲಿ ತಯಾರಾದ ಸಾಮಾನಿನ ಮೇಲಿನ ‘ಯು.ಎಸ್.ಎ.’ ಎಂಬ ಮೂರಕ್ಷರಗಳಿಗೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂದು ಅರ್ಥ ಹೇಳುವ ನಗೆಮಾತು ಮುಂಬಯಿಯಲ್ಲೆಲ್ಲ ಹಬ್ಬಿತು.

ಆದರೆ ಪಾನೀಯವನ್ನು ಮಾರುವವರು ಅದನ್ನು ಕೊಡುವುದನ್ನು ಮರೆತವರೆಂದು ತಿಳಿಯಲಾಗದು. ಸಿಂಧಿಗಳ ಮನೆಗೆ ಬಿಸಿಲಿನಲ್ಲಿ ಹೋದವನ ಮುಂದೆ ಮೊದಲು ಬರುವುದು ಸುಟ್ಟ ಹಪ್ಪಳವೂ ತಣ್ಣೀರೂ. ಹೆಚ್ಚಿನ ಆದರವಿದ್ದರೆ ಬಾದಾಮಿ, ಗಸಗಸೆ, ಸೋಂಪುಗಳನ್ನು ಅರೆದು ಮಾಡಿದ ‘ಥಾದಲ್’. ಅವರ ಆರಾಧ್ಯನಾದ ಝೂಲೇಲಾಲನೇ ಜಲದೇವತೆ, ವರುಣನ ಅವತಾರ. ಚೈತ್ರದ ಚೇಟಿಚಂಡ್ ಹಬ್ಬದಲ್ಲಿ ಮೆರವಣಿಗೆ ಹೋಗುವ ಬೀದಿಯಲ್ಲಿ ಶರಬತ್ತನ್ನು ಹಂಚುತ್ತಾರೆ; ನಮ್ಮ ಯುಗಾದಿಯ ಆಸುಪಾಸಿನಲ್ಲಿಯೇ ಬರುವ ಆ ಹಬ್ಬವನ್ನೂ ಕೆಲವು ದಿನಗಳಲ್ಲಿ ಬರುವ ರಾಮನವಮಿಯನ್ನೂ ಒಂದೇ ಬೀದಿಯಲ್ಲಿ ಕಂಡವನಿಗೆ, ಸಿಂಧೂ ನದಿಗೂ ಕಾವೇರಿಗೂ ನಡುವಿನ ದೂರ ಒಂದು ಲೋಟದಷ್ಟೇ ಎನ್ನಿಸಿದರೆ ಆಶ್ಚರ್ಯವಿಲ್ಲ. ಮಾರುವುದರಲ್ಲಿ ಕನ್ನಡಿಗನೇನೂ ಹಿಂದೆ ಬಿದ್ದವನಲ್ಲ. ಅನ್ನವನ್ನು ಮಾರಬಾರದೆಂಬ ನಾಡಿನಿಂದ ಹೊರಟವರೇ ಮುಂಬಯಿಗೆ ಉಡುಪಿ ಹೋಟೆಲುಗಳನ್ನು ಕಲಿಸಿದರು; ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಊಟದ ಮನೆಯಲ್ಲಿ ಬೆಲೆಯೂ ಇದ್ದಿತು, ಬಡಿಸುವ ಕೈಯೂ ಇದ್ದಿತು.

ಈ ವಿಚಾರವೇ ನಮ್ಮ ಅಂಗಳದಲ್ಲಿಯೂ ಜಗಳವಾಗಿ ಬಂದಿತು. ಲೋಟಕ್ಕೆ ಹತ್ತು ರೂಪಾಯಿಯೆಂದು ದೊಡ್ಡವನು ಪಟ್ಟಿಯಲ್ಲಿ ಬರೆದುದನ್ನು ನೋಡಿದ ನನ್ನ ಹೆಂಡತಿ, ಬಾಯಾರಿದವರ ಹತ್ತಿರ ದುಡ್ಡು ಕೇಳುವುದೆಂದರೇನೆಂದು ಗದರಿಸಿದಳು; ಎದುರುಮನೆಯ ಹಿರಿಯರಾದ ದಾದಾ ಮಾತ್ರ, ತಾವೂ ಎಳೆವೆಯಲ್ಲಿ ರೈಲಿನಲ್ಲಿ ಮಾರಿದವರಾದುದರಿಂದ, ‘ದುಡ್ಡು ತೆಗೆದುಕೋ, ಮಗೂ, ಆದರೆ ನೀರು ಕೇಳಿದವನಿಗೆ ನೀರು ಕೊಡು’ ಎಂದು ಹಿಂದಿಯಲ್ಲಿ ತೀರ್ಪಿತ್ತರು. ಹೀಗಾಗಿ ಹಲಗೆಯ ಒಂದು ತುದಿಯಲ್ಲಿ ಶರಬತ್ತಿನ ಸ್ಟೀಲು ಪಾತ್ರೆ, ಮತ್ತೊಂದು ತುದಿಯಲ್ಲಿ ತಣ್ಣೀರಿನ ಮಡಕೆ ಕುಳಿತವು. ಎರಡು ಡಜನ್ ನಿಂಬೆಹಣ್ಣು ನಾಲ್ಕು ಗಂಟೆಗೆ ಮುಗಿಯಿತು. ಹಣ್ಣು, ಸಕ್ಕರೆ, ಮಂಜುಗಡ್ಡೆಯ ಖರ್ಚು ಕಳೆದು ಉಳಿದುದು ಮೂವತ್ತೈದು ರೂಪಾಯಿ. ಮೂವರಿಗೆ ಅದನ್ನು ಹಂಚುವ ಲೆಕ್ಕದಲ್ಲಿ ಸಂಜೆಯೇ ಕಳೆಯಿತು. ಮೂರನೆಯ ದಿನಕ್ಕೆ ಮಕ್ಕಳಿಗೆ ಅಂಗಡಿ ಬೇಸರವಾಗಿ ಕ್ರಿಕೆಟ್ಟು ನೆನಪಾಯಿತು.

ಮೇಜನ್ನು ಒಡೆದು ಒಲೆಗೆ ಹಾಕುವುದಕ್ಕೆ ಈಗ ಮನೆಗಳಲ್ಲಿ ಒಲೆಯಿಲ್ಲ. ಗೇಟಿನ ಕಾವಲುಗಾರನು ಅದನ್ನು ಎಳೆದುಕೊಂಡು ಹೋಗಿ ತನ್ನ ಗೂಡಿನ ಪಕ್ಕದ ನೆರಳಿಗೆ ಹಾಕಿ, ಮಡಕೆಯನ್ನು ಅದರ ನಡುವಿಗಿಟ್ಟು, ಮೇಲೊಂದು ಲೋಟವನ್ನು ಕವುಚಿದ್ದಾನೆ. ಅಂಚೆಯವನೂ ಸಿಲಿಂಡರು ತರುವವನೂ ಅಲ್ಲಿ ನಿಂತು ಕುಡಿದು ಹೋಗುತ್ತಾರೆ. ಹತ್ತು ರೂಪಾಯಿಯ ಪಟ್ಟಿಯನ್ನು ಯಾರೂ ಕಿತ್ತಿಲ್ಲ. ಮಡಕೆಯ ಭಾರಕ್ಕೆ ಆ ಸೀಳಿದ ಹಲಗೆ ದಿನೇ ದಿನೇ ಬಾಗುತ್ತಿರುವುದರಿಂದ, ಮಳೆಗಾಲಕ್ಕೆ ಮುಂಚೆ ಅಡಿಯಲ್ಲಿ ಇನ್ನೊಂದು ಅಡ್ಡಪಟ್ಟಿ ಹೊಡೆಯಬೇಕಾಗಿದೆ.