ಪೇಟೆಂಟ್ ತೀರಿದ ಸಕ್ಕರೆ ಮಾತ್ರೆಗಳು

ದೇಶದ ಉಳಿದೆಡೆಯಂತೆ ದಾವಣಗೆರೆಯ ಔಷಧಿ ಅಂಗಡಿಗಳಲ್ಲೂ ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಮಾತ್ರೆಯೊಂದಕ್ಕೆ 2025ರ ಆರಂಭದವರೆಗೆ 60 ರೂಪಾಯಿ ಆಸುಪಾಸು ತೆರಬೇಕಿತ್ತು. ಆ ವರ್ಷ ಮಾರ್ಚ್ 11ಕ್ಕೆ ಅದರ ಪೇಟೆಂಟ್ ತೀರಿತು. ಕೆಲವೇ ದಿನಗಳಲ್ಲಿ ಹಲವು ಕಂಪನಿಗಳ ಮಾತ್ರೆ ಬಂದವು. ಕೆಲವಕ್ಕೆ 6 ರೂಪಾಯಿಯೂ ಇಲ್ಲ.

ಒಂದು ಕಾಲಕ್ಕೆ ನಮ್ಮಲ್ಲಿ ಹೀಗೆ ಕಾಯುವ ಪ್ರಮೇಯವೇ ಇರಲಿಲ್ಲ. 1972ರಲ್ಲಿ ಜಾರಿಗೆ ಬಂದ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡಲಿಲ್ಲ, ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ಅದೇ ಔಷಧವನ್ನು ಬೇರೆ ದಾರಿಯಲ್ಲಿ ತಯಾರಿಸುವುದರಲ್ಲಿ ನಮ್ಮ ಕಂಪನಿಗಳು ಪಳಗಿದವು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಿಂದಾಗಿ 2005ರಲ್ಲಿ ಔಷಧಕ್ಕೇ ಪೇಟೆಂಟ್ ಬಂತು: ಅರ್ಜಿ ಹಾಕಿದ ದಿನದಿಂದ 20 ವರ್ಷ. ಆ ಲೆಕ್ಕದಲ್ಲಿ ಇನ್ನೊಂದು ಸಕ್ಕರೆ ಮಾತ್ರೆ ವಿಲ್ಡಾಗ್ಲಿಪ್ಟಿನ್‌ನ ಗಡುವು 2019ರ ಡಿಸೆಂಬರ್‌ನಲ್ಲಿ ಮುಗಿಯಿತು.

ಡಾಪಾಗ್ಲಿಫ್ಲೋಜಿನ್‌ನದು ಜಗಳದ ಕಥೆ. ಮೊದಲ ಪೇಟೆಂಟ್ 2020ರ ಅಕ್ಟೋಬರ್‌ನಲ್ಲಿ ಮುಗಿದರೂ 2023ರವರೆಗೆ ಇನ್ನೊಂದಿದೆ ಎಂದು ಅದರ ಕಂಪನಿ ಆಸ್ಟ್ರಾಜೆನೆಕಾ ಪಟ್ಟು ಹಿಡಿಯಿತು. ಒಂದೇ ಔಷಧಕ್ಕೆ ಎರಡೆರಡು ಪೇಟೆಂಟ್ ಹೇಗೆ ಎಂಬ ಪ್ರಶ್ನೆ ಎದ್ದು, ದೆಹಲಿ ಹೈಕೋರ್ಟ್ ಬೇರೆ ಕಂಪನಿಗಳ ಮಾತ್ರೆಗೆ ತಡೆಯಾಜ್ಞೆ ಕೊಡಲಿಲ್ಲ. ಪೇಟೆಂಟ್ ಸಾಮಾನ್ಯವಾಗಿ ಗಡುವಿಗೆ ತಾನೇ ಮುಗಿಯುತ್ತದೆ. ಆದರೆ ಕೆಲವು ಸಲ ಹೀಗೆ ಯಾರಾದರೂ ಹೋರಾಡಬೇಕು. 2022ರ ಜುಲೈನಲ್ಲಿ ಸಿಟಾಗ್ಲಿಪ್ಟಿನ್ ಸರದಿ. ಎರಡೇ ತಿಂಗಳಲ್ಲಿ ಸರ್ಕಾರದ ಜನೌಷಧಿ ಕೇಂದ್ರಗಳು 50 ಎಂ.ಜಿ.ಯ 10 ಮಾತ್ರೆಗಳನ್ನು 60 ರೂಪಾಯಿಗೆ ತಂದವು.

ಇಷ್ಟಾದರೂ ಬೆಲೆ ಇಳಿದದ್ದು ಎಲ್ಲರ ಜೇಬಿಗೆ ತಲುಪುವುದಿಲ್ಲ. ಎರಡು ಮೆಡಿಕಲ್ ಕಾಲೇಜುಗಳಿರುವ ದಾವಣಗೆರೆಗೆ ಜಗಳೂರು, ಹೊನ್ನಾಳಿ, ಹರಿಹರದಿಂದ ರೋಗಿಗಳು ಬರುತ್ತಾರೆ. ಹರಿಹರದ ಹಿರಿಯರೊಬ್ಬರು 14 ಕಿ.ಮೀ. ಬಸ್ಸಿನಲ್ಲಿ ಬಂದು ತೋರಿಸಿಕೊಂಡು ಹೋದರೆ, ಮುಂದೆ ತಿಂಗಳುಗಟ್ಟಲೆ ಊರಿನ ಅಂಗಡಿಯಲ್ಲಿ ಅದೇ ಚೀಟಿ ಓಡುತ್ತದೆ. ಚೀಟಿಯಲ್ಲಿರುವುದು ಬ್ರಾಂಡ್ ಹೆಸರು. ಅದನ್ನು ಬದಲಿಸಿ ಕೊಡುವ ಅಧಿಕಾರ ಅಂಗಡಿಯವನಿಗಿಲ್ಲ. ಔಷಧದ ಮೂಲ ಹೆಸರನ್ನು ಬ್ರಾಂಡಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂಬ ನಿಯಮ 2018ರಲ್ಲೇ ಬಂದಿದೆ, ಆದರೆ ಇಂಗ್ಲಿಷಿನಲ್ಲಿ. ಹಿರಿಯರು ಮಾತ್ರೆ ಗುರುತಿಸುವುದು ಶೀಟಿನ ಬಣ್ಣದಿಂದ. ಮೂಲ ಹೆಸರನ್ನೇ ಬರೆಯಿರಿ ಎಂದು ವೈದ್ಯರಿಗೆ ತಾಕೀತು ಮಾಡಿದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲೇ, ಅದೂ ಕೆಲವೇ ವಾರಗಳಲ್ಲಿ, ಆ ನಿಯಮವನ್ನು ತಡೆಹಿಡಿಯಿತು. ವೈದ್ಯರ ಆಕ್ಷೇಪವಿದ್ದದ್ದು ಅಗ್ಗದ ಮಾತ್ರೆಗಳ ಗುಣಮಟ್ಟದ ಬಗ್ಗೆ. ಅದನ್ನು ಪೂರ್ತಿ ನೆಪವೆನ್ನಲಾಗದು. ಆದರೆ ಅದಕ್ಕೆ ಮದ್ದು ತಪಾಸಣೆ, ದುಬಾರಿ ಬ್ರಾಂಡ್ ಅಲ್ಲ.

ಸಕ್ಕರೆ ಔಷಧಗಳ ಸಾಲಿನಲ್ಲಿ ನಂತರದ್ದು ಸೆಮಾಗ್ಲುಟೈಡ್: 2006ರ ಮಾರ್ಚ್‌ನಲ್ಲಿ ಅರ್ಜಿ ಹಾಕಿದ್ದ ಅದಕ್ಕೆ 2026ರ ಮಾರ್ಚ್ ಗಡುವು. ತೂಕ ಇಳಿಸಲೂ ಬಳಸುವ ಇದು ಹೆಚ್ಚಾಗಿ ಚುಚ್ಚುಮದ್ದು: ಪೆನ್ ಬೇಕು, ಕಾರ್ಖಾನೆಯಿಂದ ಅಂಗಡಿಯ ಫ್ರಿಜ್‌ವರೆಗೂ ತಂಪು ಕೆಡಬಾರದು. ಮಾತ್ರೆಯಷ್ಟು ಸಲೀಸಾಗಿ ಎಲ್ಲರೂ ತಯಾರಿಸಲಾರರು. ಹಾಗಾಗಿ ಎಂಪಾಗ್ಲಿಫ್ಲೋಜಿನ್‌ನಂತೆ ಬೆಲೆ ಹತ್ತರಲ್ಲೊಂದು ಪಾಲಿಗೆ ಕುಸಿದೀತೆಂದು ನನಗನ್ನಿಸುವುದಿಲ್ಲ.