ಕ್ಷೌರದ ಕತ್ತಿಯ ಬುಡದಲ್ಲಿದೆ ಅದರ ವಯಸ್ಸು

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಸಂತೆಯಲ್ಲಿ ಗುಜರಿ ಸಾಮಾನು ಹರಡಿಕೊಂಡು ಕುಳಿತಿದ್ದವನೊಬ್ಬ ಮಡಚುವ ಕ್ಷೌರದ ಕತ್ತಿಯೊಂದನ್ನು ಕೈಗಿಟ್ಟ. 'ಟಿಪ್ಪು ಕಾಲದ್ದು ಸಾರ್, ಎರಡು ಸಾವಿರ ಕೊಡಿ' ಅಂದ. ತಿರುಗಿಸಿ ನೋಡಿದೆ. ಅಲಗು ಹಿಡಿಗೆ ಸೇರುವ ಬುಡದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು: 'ಶೆಫೀಲ್ಡ್, ಇಂಗ್ಲೆಂಡ್'. ಆ 'ಇಂಗ್ಲೆಂಡ್' ಎಂಬ ಒಂದು ಪದವೇ ಅವನ ಮಾತು ನಂಬುವಂಥದ್ದಲ್ಲ ಎನ್ನುತ್ತಿತ್ತು. ಹೇಗೆ ಅಂತೀರಾ?

ಶೆಫೀಲ್ಡ್ ಇಂಗ್ಲೆಂಡಿನ ಕತ್ತಿ, ಚಾಕು, ಕತ್ತರಿಗಳ ಊರು. ಅಲ್ಲಿನ ಕಸುಬುದಾರರ ಸಂಘಕ್ಕೆ 1624ರಲ್ಲಿ ಪಾರ್ಲಿಮೆಂಟ್ ಕಾನೂನಿನ ಬಲ ಕೊಟ್ಟಿತು. ಒಬ್ಬೊಬ್ಬ ಕಸುಬುದಾರನಿಗೆ ಒಂದೊಂದು ಗುರುತನ್ನು ಸಂಘವೇ ಕೊಟ್ಟು ದಾಖಲೆಯಲ್ಲಿ ಬರೆದಿಡುತ್ತಿತ್ತು. ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆಯ ಗುರುತು 1764ರದ್ದು. ಈ ಕಂಪನಿ ಮುಂದೆ ಕಲ್ಕತ್ತಾ, ಬೊಂಬಾಯಿಗಳಲ್ಲೂ ವ್ಯಾಪಾರ ಮಾಡಿತು. ಜರ್ಮನಿಯಲ್ಲಿ ಇಂಥದ್ದೇ ಊರು ಝೋಲಿಂಗೆನ್. ಅಲ್ಲಿನ ಹೆಂಕೆಲ್ಸ್ ಮನೆತನದ 'ಅವಳಿ ಮಕ್ಕಳು' ಗುರುತು 1731ರಲ್ಲೇ ದಾಖಲಾಗಿತ್ತು.

ಆದರೆ ಗುರುತಿನ ಹೆಸರು ಒಂದರಿಂದಲೇ ಕಾಲ ಸಿಗುವುದಿಲ್ಲ. ಒಂದೇ ಗುರುತು ನೂರಾರು ವರ್ಷ ನಡೆಯುತ್ತದೆ. ಅದರ ಅಕ್ಕಪಕ್ಕದ ಅಕ್ಷರಗಳನ್ನೂ ಓದಬೇಕು.

ಮೊದಲು ಕಿರೀಟ ಇದೆಯೇ ನೋಡಿ. ಕಿರೀಟದ ಜೊತೆ 'ವಿ ಆರ್' ಇದ್ದರೆ ಅದು ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. 'ಡಬ್ಲ್ಯೂ ಆರ್' ಇದ್ದರೆ ನಾಲ್ಕನೇ ವಿಲಿಯಂ, 1830ರಿಂದ 1837. 'ಜಿ ಆರ್' ಇದ್ದರೆ ಮಾತ್ರ ಎಚ್ಚರ. ಜಾರ್ಜ್ ಹೆಸರಿನ ರಾಜರು 1830ರವರೆಗೂ ಇದ್ದರು, 1910ರ ನಂತರ ಮತ್ತೆ ಬಂದರು.

ಆಮೇಲೆ ಉಕ್ಕಿನ ಹೆಸರು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಕಸುಬಿನವನು ಮಣ್ಣಿನ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡ. 'ಕಾಸ್ಟ್ ಸ್ಟೀಲ್' ಎಂಬ ಮುದ್ರೆ ಬಂದದ್ದು ಅದರ ನಂತರ. ಇನ್ನು 'ಸಿಲ್ವರ್ ಸ್ಟೀಲ್' ಮುದ್ರೆಗೆ ನಮ್ಮ ಕಡೆಯ ನಂಟೂ ಇದೆ. ದಕ್ಷಿಣ ಭಾರತದ ಮೂಸೆ ಉಕ್ಕನ್ನು ಇಂಗ್ಲಿಷಿನವರು 'ವೂಟ್ಸ್' ಎಂದು ಕರೆದರು. ಈ ಪದ ನಮ್ಮ 'ಉಕ್ಕು' ಪದದಿಂದಲೇ ಹೋಗಿದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದರ ಗುಟ್ಟು ತಿಳಿಯಲು ಹೊರಟವರು ಇಬ್ಬರು: ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಮತ್ತು ಕಮ್ಮಾರನ ಮಗ, ವಿಜ್ಞಾನಿ ಮೈಕೆಲ್ ಫ್ಯಾರಡೆ. ಉಕ್ಕಿಗೆ ಚೂರು ಬೆಳ್ಳಿ ಬೆರೆಸಿದ ಪ್ರಯೋಗವನ್ನೂ ಅವರು ಮಾಡಿದರು. ಅವರ ಬರಹಗಳು 1820 ಮತ್ತು 1822ರಲ್ಲಿ ಪ್ರಕಟವಾದವು. ಆಮೇಲೆ ಶೆಫೀಲ್ಡಿನ ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಮುದ್ರೆ ಸಾಮಾನ್ಯವಾಯಿತು. 'ಸ್ಟೇನ್‌ಲೆಸ್' ಎಂದಿದ್ದರಂತೂ 1913ಕ್ಕಿಂತ ಹಳೆಯದಲ್ಲ. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಮಾಡಿದ್ದು ಆ ವರ್ಷ.

ಕೊನೆಗೆ ದೇಶದ ಹೆಸರು. ಜರ್ಮನಿಯ ಕೆಲವರು ತಮ್ಮ ಮಾಲಿಗೆ 'ಶೆಫೀಲ್ಡ್' ಎಂದು ಮುದ್ರೆ ಹೊಡೆದು ಮಾರುತ್ತಿದ್ದಾರೆ ಎಂದು ಶೆಫೀಲ್ಡಿನವರು ಕೂಗೆಬ್ಬಿಸಿದರು. ಸುಳ್ಳು ಗುರುತು ತಡೆಯಲು ಬ್ರಿಟನ್ 1887ರಲ್ಲಿ ಕಾನೂನು ತಂದಿತು. ಭಾರತದಲ್ಲೂ 1889ರಲ್ಲಿ ಅಂಥದ್ದೇ ಕಾನೂನು ಬಂತು. 1890ರ ಅಮೆರಿಕದ ಸುಂಕದ ಕಾಯ್ದೆ, ಅಲ್ಲಿಗೆ ಬರುವ ಮಾಲಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂದಿತು. 'ಇಂಗ್ಲೆಂಡ್', 'ಜರ್ಮನಿ' ಎಂಬ ಮುದ್ರೆ ರೂಢಿಗೆ ಬಂದದ್ದು ಹೀಗೆ. 'ಮೇಡ್ ಇನ್ ಇಂಗ್ಲೆಂಡ್' ಎಂದಿದ್ದರೆ ಹೆಚ್ಚಾಗಿ ಇಪ್ಪತ್ತನೇ ಶತಮಾನದ್ದು. 'ವೆಸ್ಟ್ ಜರ್ಮನಿ' ಎಂದಿದ್ದರೆ 1949ರ ನಂತರದ್ದು.

ಒಂದು ಮಾತು ನೆನಪಿಡಿ. ಮುದ್ರೆ ಹೇಳುವುದು 'ಇದಕ್ಕಿಂತ ಹಳೆಯದಿರಲಾರದು' ಎಂದು ಮಾತ್ರ. ಅದು ಹುಟ್ಟಿದ ದಿನಾಂಕವಲ್ಲ. ಎರಡು ಮೂರು ಗುರುತು ಕೂಡಿಸಿ ನೋಡಿದರೆ ಕಾಲದ ಅಂದಾಜು ಹತ್ತಿರ ಬರುತ್ತದೆ.

ಮನೆಯ ಟ್ರಂಕಿನಲ್ಲಿ ಅಜ್ಜನ ಕತ್ತಿ ಇದ್ದರೆ ಉಪ್ಪುಕಾಗದ ಹಾಕಿ ಉಜ್ಜಬೇಡಿ, ತುಕ್ಕಿನ ಜೊತೆ ಮುದ್ರೆಯೂ ಅಳಿಸಿಹೋಗುತ್ತದೆ. ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಮೊಬೈಲ್ ಟಾರ್ಚನ್ನು ಬದಿಯಿಂದ ಹಿಡಿದರೆ ಸವೆದ ಅಕ್ಷರಗಳೂ ಕಾಣುತ್ತವೆ. ಓದಿದ ಮೇಲೆ ಮಾರುವುದೋ ಇಟ್ಟುಕೊಳ್ಳುವುದೋ ತೀರ್ಮಾನಿಸಿ. ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ.

ಸಂತೆಯವನಿಗೆ ಇದನ್ನೆಲ್ಲ ಹೇಳಿದೆ. ನಕ್ಕು, ಮುನ್ನೂರಕ್ಕೆ ಕೊಟ್ಟ. ಮನೆಗೆ ತಂದು ಮತ್ತೆ ಓದಿದೆ. ಕಂಪನಿಯ ಹೆಸರಿದೆ, ಊರಿನ ಹೆಸರಿದೆ, ದೇಶದ ಹೆಸರಿದೆ. ಸಾಣೆ ಹಿಡಿದವನ ಹೆಸರಿಲ್ಲ. ಹತ್ತೊಂಬತ್ತನೇ ಶತಮಾನದ ಶೆಫೀಲ್ಡಿನಲ್ಲಿ ಸಾಣೆಕಲ್ಲಿನ ದೂಳು ಕುಡಿದು ಶ್ವಾಸಕೋಶ ಕೆಟ್ಟು, ನಲವತ್ತು ತುಂಬುವ ಮೊದಲೇ ಸತ್ತ ಸಾಣೆಯವರು ಬಹಳ. ಇದೇ ಕತ್ತಿಯಿಂದ ನಮ್ಮ ಕಡೆ ಮನೆಮನೆಗೆ ಹೋಗಿ ಕ್ಷೌರ ಮಾಡಿದವರ ಹೆಸರೂ ಇದರ ಮೇಲಿಲ್ಲ. ಅದು ಮಾತ್ರ ನಿಮ್ಮೂರಿನ ಹಿರಿಯರ ನೆನಪಿನಲ್ಲಿರಬಹುದು. ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.