ಬಯಲ್ನಾಡಿನ ಬಿಲ್ಲುಬೇಟೆ

ಊರಿನ ಹೆಸರಿನಲ್ಲಿ ಊರಿನ ಚರಿತ್ರೆಯು ಅಡಗಿರುವುದುಂಟು. ಮಾನಂದವಾಡಿಯ ಹೆಸರನ್ನು ಹಿರಿಯರು ಬಿಡಿಸಿ ಹೇಳುವ ಬಗೆಯನ್ನು ನಮ್ಮ ಸೀಮೆಯಲ್ಲಿ ಕೇಳದವರು ವಿರಳ. ಮಾನ್ ಎಂದರೆ ಜಿಂಕೆ, ಎಯ್ದ ಎಂದರೆ ಬಾಣ ಬಿಟ್ಟ, ವಾಡಿ ಎಂದರೆ ನೆಲೆ. ಜಿಂಕೆಯನ್ನು ಎಚ್ಚ ಸ್ಥಳವೇ ಮಾನೆಯ್ದವಾಡಿ. ಅದೇ ಸವೆದು ಮಾನಂದವಾಡಿಯಾಯಿತು ಎಂಬುದು ಆ ವಿವರಣೆ. ಎಡಕಲ್ಲಿನ ಗುಹೆಗಳನ್ನು ಹೊತ್ತಿರುವ ಬೆಟ್ಟಕ್ಕೆ ಅಂಬುಕುತ್ತಿಮಲೆ ಎಂದು ಹೆಸರು. ಲವಕುಶರು ಬಿಟ್ಟ ಅಂಬುಗಳು ತಾಗಿ ಆ ಬಂಡೆಗಳು ಸೀಳಿದುವೆಂದು ಜನರು ನಂಬುವರು. ಸ್ಥಳನಾಮದ ಕಥೆಗಳು ಹಲವು ವೇಳೆ ಹೆಸರಿನ ಅನಂತರ ಹುಟ್ಟಿದುವೇ ಹೊರತು ಹೆಸರಿಗೆ ಕಾರಣವಾದುವಲ್ಲ. ಆದುದರಿಂದ ಇವನ್ನು ಶಾಸನದಂತೆ ಪ್ರಮಾಣವೆಂದು ಹಿಡಿಯಲಾಗದು. ಆದರೂ ಒಂದು ನಾಡಿನ ಜನರು ಊರಿನ ಹೆಸರಿಗೆ ಅರ್ಥ ಹುಡುಕಹೊರಟಾಗ ಅವರ ಮನಸ್ಸಿಗೆ ಮೊದಲು ತೋರಿದುದು ಜಿಂಕೆ ಮತ್ತು ಬಾಣ ಎಂಬುದೇ ಒಂದು ಚರಿತ್ರೆಯಲ್ಲವೆ?

ಭಾಷೆಯ ಸಾಕ್ಷ್ಯವು ಇದಕ್ಕಿಂತ ಗಟ್ಟಿಯಾದುದು. ವಯನಾಡು ಎಂಬುದು ನಮ್ಮ ಶಾಸನಗಳ ಬಯಲ್ನಾಡು. ಹೆಗ್ಗಡದೇವನಕೋಟೆಯ ಸೀಮೆಯ ಶಾಸನಗಳು ಬಯಲ್ನಾಡನ್ನೂ ಅದನ್ನಾಳಿದ ಕದಂಬ ಕುಲದ ಅರಸರನ್ನೂ ಹೆಸರಿಸುತ್ತವೆ. ಮಲೆಯಾಳದಲ್ಲಿ ವಕಾರವಿರುವಲ್ಲಿ ಕನ್ನಡದಲ್ಲಿ ಬಕಾರ ಬರುವುದು ಭಾಷಾಶಾಸ್ತ್ರದ ಸಾಮಾನ್ಯ ನಿಯಮ. ಅವರ ವಯಲ್ ನಮ್ಮ ಬಯಲು. ಅವರ ವಿಲ್ಲು ನಮ್ಮ ಬಿಲ್ಲು. ಅವರ ವೇಟ್ಟ ನಮ್ಮ ಬೇಟೆ. ಅಂಬು ಇಬ್ಬರಿಗೂ ಅಂಬೇ. ವಯನಾಡಿನ ಬಿಲ್ಲುಗಾರರಲ್ಲಿ ಮೊದಲಿಗರಾದ ಕುರಿಚಿಯರ ಹೆಸರು ‘ಕುರಿ’ ಎಂಬ ಮಾತಿನಿಂದ ಬಂದುದೆಂದೂ ಗುರಿಯಿಡುವವರು ಎಂಬುದೇ ಅದರ ಅರ್ಥವೆಂದೂ ಹೇಳುವರು. ಆ ಕುರಿಯೇ ನಮ್ಮ ಗುರಿ. ನುಡಿಗಳು ಕವಲೊಡೆಯುವುದಕ್ಕೆ ಮುನ್ನವೇ ಈ ಜನರೆಲ್ಲರ ಪೂರ್ವಿಕರು ಒಂದೇ ಕಾಡಿನಲ್ಲಿ ಒಂದೇ ಮಾತಿನಿಂದ ಬೇಟೆಯನ್ನು ಕರೆಯುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಮಕ್ಕಳು ಬೇಟೆಯನ್ನು ಅರಿಯುವುದು ಕಾವ್ಯದಿಂದ. ಅಲ್ಲಿ ಬೇಟೆಯಾಡುವವರು ಅರಸರು. ರಾಘವಾಂಕನ ಹರಿಶ್ಚಂದ್ರನು ಪರಿವಾರಸಮೇತನಾಗಿ ಬೇಟೆಗೆ ಹೊರಡುವನು. ಪಂಪನು ಖಾಂಡವದಹನಕ್ಕೆ ಮುನ್ನ ಬೇಂಟೆಯ ವರ್ಣನೆಯನ್ನು ತಂದಿರುವನು. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜನ ಇಪ್ಪತ್ತು ವಿನೋದಗಳ ನಡುವೆ ಮೃಗಯಾವಿನೋದಕ್ಕೂ ಸ್ಥಾನ ಕೊಟ್ಟಿರುವನು. ಇವೆಲ್ಲ ಕುದುರೆಯ ಮೇಲಿನಿಂದ, ಬಲೆ ಬೀಸಿ, ಸೋಹುಗಾರರನ್ನು ಕಾಡಿಗೆ ನುಗ್ಗಿಸಿ ಆಡಿದ ಬೇಟೆಗಳು. ಹಸಿವಿಗಾಗಿ ಬರಿಗಾಲಿನಲ್ಲಿ ನೆಲದ ಮೇಲೆ ನಿಂತು ಒಂದೇ ಅಂಬಿನಿಂದ ಒಂದೇ ಜಿಂಕೆಯನ್ನು ಬಯಸಿದವನ ಕಥೆಯನ್ನು ಬರೆದವರು ಕಡಮೆ. ಅವನು ಬರೆಯಲಿಲ್ಲ, ಬರೆಯಬಲ್ಲವರು ಅವನನ್ನು ನೋಡಲಿಲ್ಲ.

ಆದರೆ ಅವನ ವಿದ್ಯೆಯು ಅರಸನ ವಿದ್ಯೆಗಿಂತ ಕಠಿನವಾದುದು. ಮರದ ಮೇಲಣ ಅಟ್ಟಣೆಯಲ್ಲಿ ಕುಳಿತವನ ಮೈವಾಸನೆಯು ಬಹುಮಟ್ಟಿಗೆ ಮೃಗದ ತಲೆಯ ಮೇಲಿಂದ ತೇಲಿಹೋಗುವುದು. ನೆಲದ ಮೇಲೆ ನಿಂತವನಿಗೆ ಆ ಸೌಕರ್ಯವಿಲ್ಲ. ಅವನು ಜಿಂಕೆಯ ಮೂಗಿನ ಮಟ್ಟದಲ್ಲಿಯೇ ಇರುವನು. ಆದುದರಿಂದ ಅವನ ಮೊದಲ ಪಾಠ ಗಾಳಿಯದು. ಚಿಟಿಕೆ ಬೂದಿಯನ್ನೋ ಧೂಳನ್ನೋ ಉದುರಿಸಿದರೆ ಗಾಳಿಯ ದಿಕ್ಕು ತಿಳಿಯುವುದು. ಮಲೆನಾಡಿನಲ್ಲಿ ಅದಷ್ಟೇ ಸಾಲದು. ಮುಂಜಾವದಲ್ಲಿ ತಣ್ಣನೆಯ ಗಾಳಿಯು ನೀರಿನಂತೆ ಬೆಟ್ಟದಿಂದ ಕಣಿವೆಗೆ ಇಳಿಯುವುದು. ಬಿಸಿಲೇರಿದೊಡನೆ ಅದೇ ಗಾಳಿ ಕಣಿವೆಯಿಂದ ಮೇಲಕ್ಕೇರುವುದು. ಹಾಗಾಗಿ ಬೆಳಗಿನ ಬೇಟೆಗಾರನು ಮೃಗಕ್ಕಿಂತ ತಗ್ಗಿನಲ್ಲಿಯೂ ಹೊತ್ತೇರಿದ ಮೇಲಿನ ಬೇಟೆಗಾರನು ಅದಕ್ಕಿಂತ ಎತ್ತರದಲ್ಲಿಯೂ ಇರತಕ್ಕದ್ದು. ಇದನ್ನು ತಪ್ಪಿದವನಿಗೆ ಜಿಂಕೆಯ ಬಾಲದ ಬಿಳುಪು ಮಾತ್ರ ಕಾಣುವುದು.

ಎರಡನೆಯ ಪಾಠ ನಿಶ್ಚಲತೆಯದು. ಜಿಂಕೆಯ ಕಣ್ಣು ಕೆಂಪು ಹಸುರುಗಳನ್ನು ಬೇರ್ಪಡಿಸಲಾರದೆಂದು ಇಂದಿನ ವಿಜ್ಞಾನಿಗಳು ಕಂಡುಕೊಂಡಿರುವರು; ಆದರೆ ಚಲನೆಯನ್ನು ಅದು ಕ್ಷಣಮಾತ್ರದಲ್ಲಿ ಹಿಡಿಯುವುದು. ಮರದ ಬೊಡ್ಡೆಯನ್ನು ಬೆನ್ನಿಗೆ ಇಟ್ಟುಕೊಂಡು ಕಲ್ಲಿನಂತೆ ನಿಂತವನ ಎದುರಿಗೆ ಸಾರಂಗಗಳ ಹಿಂಡು ಮೇಯುತ್ತ ಬರುವುದುಂಟು. ಜಿಂಕೆಯೊಂದರ ಕಣ್ಣನ್ನು ತಪ್ಪಿಸಿದರೂ ಸಾಲದು. ಮುಸುವಗಳು ಮರದಿಂದ ಉದುರಿಸುವ ಎಲೆ ಕಾಯಿಗಳನ್ನು ತಿನ್ನಲು ಸಾರಂಗಗಳು ಮರದಡಿಗೆ ಬರುವುವು. ಮೇಲಿನ ಮುಸುವ ಕೂಗಿತೆಂದರೆ ಕೆಳಗಿನ ಹಿಂಡು ಚೆದರುವುದು. ಕಾಡುಕುರಿಯು ನಾಯಿಯಂತೆ ಬೊಗಳಿ ಕಾಡಿಗೆಲ್ಲ ಸುದ್ದಿ ಮುಟ್ಟಿಸುವುದು. ಕಡವೆಯು ನೆಲವನ್ನು ಗೊರಸಿನಿಂದ ಗುದ್ದಿ ಎಚ್ಚರಿಸುವುದು.

ಮೂರನೆಯದು ದೂರದ ಲೆಕ್ಕ. ಕೈಬಿಲ್ಲಿನ ಅಂಬು ಕ್ಷಣಕ್ಕೆ ಸುಮಾರು 50 ಮೀಟರು ಹೋಗಬಹುದು; ಶಬ್ದವಾದರೋ ಸುಮಾರು 340 ಮೀಟರು ಹೋಗುವುದು. 25 ಮೀಟರು ದೂರದ ಜಿಂಕೆಗೆ ಹೆದೆಯ ಸದ್ದು ಮುಟ್ಟಿ, ಅದು ಮೈ ಕುಗ್ಗಿಸಿ ನೆಗೆಯಲು ಅಣಿಯಾದ ಮೇಲೆ ಅಂಬು ಬರುವುದು. ಅದಕ್ಕಾಗಿಯೇ ಬಲ್ಲವರು ಇಪ್ಪತ್ತು ಹೆಜ್ಜೆಯೊಳಗೆ ಬಂದ ಮೃಗವನ್ನಲ್ಲದೆ ಎಸೆಯರು. ಕಿವಿಗಳು ಮುಂದಕ್ಕೆ ನಿಮಿರಿದ್ದರೆ ಬಿಲ್ಲನ್ನು ಎತ್ತರು. ಕೋವಿಯ ಗುಂಡಿನಂತೆ ಅಂಬು ಮೃಗವನ್ನು ಕೆಡವದು. ನೆತ್ತರು ಸುರಿದು ಅದು ಸಾಯಬೇಕು. ನೆತ್ತರು ನಸುಗೆಂಪಾಗಿ ನೊರೆಗೂಡಿದ್ದರೆ ಪುಪ್ಫುಸಕ್ಕೆ ತಗುಲಿತೆಂದು ತಿಳಿದು ಬೇಗನೆ ಅರಸುವರು. ಕರಿದಾಗಿದ್ದರೆ ಕುಳಿತು ಕಾಯುವರು. ಕೂಡಲೆ ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಹರದಾರಿ ಓಡಿ ಯಾರಿಗೂ ದಕ್ಕದೆ ಸಾಯುವುದು. ಸಾವನ್ನು ತಂದವನು ಸಾವಿನ ಜಾಡನ್ನು ಹಿಡಿದು ನಡೆಯಬೇಕಾದುದು ಈ ಬೇಟೆಯಲ್ಲಿ ಅನಿವಾರ್ಯ. ಅರಸನಿಗೆ ಈ ಕಷ್ಟವಿರಲಿಲ್ಲ. ಪಾಂಡುವು ಜಿಂಕೆಯ ರೂಪದ ಮುನಿಯನ್ನು ಎಚ್ಚುದೂ, ದಶರಥನು ಕತ್ತಲಲ್ಲಿ ನೀರಿನ ಸದ್ದಿಗೆ ಬಾಣ ಬಿಟ್ಟುದೂ ಕಣ್ಣಿನಿಂದ ಖಚಿತಪಡಿಸಿಕೊಳ್ಳದ ಬೇಟೆಯ ಫಲಗಳೇ. ಶಬ್ದವೇಧಿಯನ್ನು ನಾವು ವಿದ್ಯೆಯೆಂದು ಕೊಂಡಾಡುವೆವು. ಕಾಡಿನ ಬಿಲ್ಲುಗಾರನು ಅದನ್ನು ಅವಿವೇಕವೆಂದಾನು.

ಕುರಿಚಿಯರೂ ಮುಳ್ಳುಕುರುಮರೂ ವಯನಾಡಿನಲ್ಲಿ ಈ ವಿದ್ಯೆಯ ವಾರಸುದಾರರು. ಕುರಿಚಿಯರು ಹೊಳೆಯ ಮೀನನ್ನೂ ಅಂಬಿನಿಂದ ಹೊಡೆಯುತ್ತಿದ್ದರು. ಅವರ ದೈವ ಮಲಕ್ಕಾರಿಯು ಕಿರಾತರೂಪದ ಶಿವನು. ಮಲಬಾರಿನಲ್ಲೆಲ್ಲ ಪೂಜೆಗೊಳ್ಳುವ ವೇಟ್ಟಕ್ಕೊರುಮಗನ್ ಕಿರಾತನಾದ ಶಿವನ ಮಗನು; ಬೇಟೆಗೊಬ್ಬ ಮಗನು ಎಂದು ಆ ಹೆಸರಿನ ಅರ್ಥ. ಷಡಕ್ಷರದೇವನ ‘ಶಬರಶಂಕರವಿಲಾಸ’ವನ್ನು ಓದಿದ ಕನ್ನಡಿಗನಿಗೆ ಈ ದೈವಗಳು ಅಪರಿಚಿತರಲ್ಲ. ತುಲಾಮಾಸದ ಹತ್ತನೆಯ ದಿನ, ಅಂದರೆ ಅಕ್ಟೋಬರಿನ ಕೊನೆಗೆ, ತುಲಾಪ್ಪತ್ತು ಎಂಬ ಬೇಟೆಯ ಹಬ್ಬ. ಆ ಕಾಲವನ್ನು ಹಿರಿಯರು ಸುಮ್ಮನೆ ಆರಿಸಿದಂತೆ ತೋರದು. ಮಳೆಯಲ್ಲಿ ನೆನೆದ ತರಗೆಲೆ ಕಾಲಡಿಯಲ್ಲಿ ಸದ್ದು ಮಾಡದು. ಬಯಲುಗಳಲ್ಲಿ ನೆಲ್ಲು ಬಲಿಯತೊಡಗಿ ಜಿಂಕೆ ಹಂದಿಗಳು ಕಾಡಿನಂಚಿಗೆ ಇಳಿಯುವುವು. ಬೆಳೆಯ ಕಾವಲೂ ಊಟವೂ ಒಂದೇ ಕೆಲಸದಲ್ಲಿ ಸೇರಿದ್ದುವು. ಹಲವರು ಕೂಡಿ ಹೋದಾಗ ಕೆಲವರು ನಾಯಿಗಳೊಡನೆ ಸೋಹುವರು, ಬಿಲ್ಲುಗಾರರು ಕಂಡಿಗಳಲ್ಲಿ ನಿಲ್ಲುವರು. ಮಾಂಸದಲ್ಲಿ ನಾಯಿಗೂ ಪಾಲುಂಟು. ಬೇಟೆನಾಯಿಗೆ ಗೌರವ ಸಲ್ಲಿಸುವುದು ಕನ್ನಡಿಗರಿಗೂ ಹೊಸತಲ್ಲ. ಕ್ರಿ.ಶ. 949-50ರ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪನ್ನೂ ಉಳಿಸಿದೆ.

ಇನ್ನೊಂದು ಮಾತನ್ನು ಇಲ್ಲಿ ಮರೆಮಾಚಬಾರದು. ವಯನಾಡಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಪ್ರಾಚೀನರೂ ಪ್ರಮುಖರೂ ಜೈನರು. ಸುಲ್ತಾನ್ ಬತ್ತೇರಿಯ ಬಸದಿಯು ಇಂದಿಗೂ ಅವರ ಸಾಕ್ಷಿಯಾಗಿ ನಿಂತಿದೆ. ಜೂಜು, ಮಾಂಸ, ಮದ್ಯಗಳೊಡನೆ ಬೇಟೆಯನ್ನೂ ಅವರ ಶಾಸ್ತ್ರವು ಸಪ್ತವ್ಯಸನಗಳಲ್ಲಿ ಎಣಿಸಿದೆ. ಹಿಟ್ಟಿನ ಕೋಳಿಯನ್ನು ಬಲಿಯಿತ್ತುದಕ್ಕೂ ಜನ್ಮಜನ್ಮಾಂತರದ ದುಃಖವನ್ನು ಹೇಳುವ ‘ಯಶೋಧರಚರಿತೆ’ಯನ್ನು ಜನ್ನನು 1209ರಲ್ಲಿ ಬರೆದನು. ಹೀಗೆ ಬೇಟೆಯನ್ನು ಪಾಪವೆಂದವರೂ ಬೇಟೆಯನ್ನು ದೈವವೆಂದವರೂ ಈ ಬಯಲ್ನಾಡಿನಲ್ಲಿ ಶತಮಾನಗಳ ಕಾಲ ನೆರೆಹೊರೆಯಾಗಿ ಬಾಳಿರುವರು. ನನ್ನ ಮನಸ್ಸು ಜನ್ನನ ಕಡೆಗೇ ಒಲಿಯುವುದು. ಆದರೆ ಹೊಟ್ಟೆಗಾಗಿ ಎಚ್ಚವನನ್ನೂ ವಿನೋದಕ್ಕಾಗಿ ಎಚ್ಚವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆಂದು ನನಗೆ ತೋರದು.

ಜಿಂಕೆಗೆ ಹೂಡಿದ ಅಂಬು ಮನುಷ್ಯರತ್ತ ತಿರುಗಿದ ಕಾಲವೂ ಬಂದಿತು. ಕೋಟ್ಟಯಂ ಅರಸುಕುಲದ ಪಳಶ್ಶಿರಾಜನು ಇಂಗ್ಲಿಷ್ ಕಂಪನಿಯೊಡನೆ ಹೋರಾಡುತ್ತಿದ್ದಾಗ ಅವನ ಬಲವೆಲ್ಲ ಕಾಡಿನ ಬಿಲ್ಲುಗಾರರಲ್ಲಿತ್ತು. 1802ರ ಅಕ್ಟೋಬರಿನಲ್ಲಿ ಎಡಚ್ಚನ ಕುಂಙನ್ ಮತ್ತು ತಲಕ್ಕಲ್ ಚಂದು ಎಂಬ ನಾಯಕರು ಸುಮಾರು 150 ಮಂದಿ ಕುರಿಚಿಯರೊಡನೆ ಪನಮರದ ಕೋಟೆಗೆ ನುಗ್ಗಿ ಕಂಪನಿಯ ದಳವನ್ನು ಮುರಿದರು. ಆ ದಳದ ಇಬ್ಬರು ಇಂಗ್ಲಿಷ್ ಅಧಿಕಾರಿಗಳೂ ಹತರಾದರು. ಕಂಡಿಯಲ್ಲಿ ಉಸಿರು ಬಿಗಿಹಿಡಿದು ನಿಲ್ಲಬಲ್ಲವನಿಗೆ, ಗಾಳಿ ನೋಡಿ ನಡೆಯಬಲ್ಲವನಿಗೆ, ಬಂದೂಕಿನ ಸಾಲುಗಳ ಭಯವಿರಲಿಲ್ಲ. 1805ರಲ್ಲಿ ಚಂದುವು ಸಿಕ್ಕಿ ಮರಣದಂಡನೆಗೆ ಗುರಿಯಾದನು; ಅದೇ ವರ್ಷದ ನವೆಂಬರ್ 30ರಂದು ಪಳಶ್ಶಿರಾಜನೂ ಮಡಿದನು. ಕಂದಾಯವನ್ನು ಧಾನ್ಯದ ಬದಲು ಹಣದಲ್ಲಿಯೇ ಕೊಡಬೇಕೆಂದು ಪೀಡಿಸಿದುದರಿಂದ 1812ರಲ್ಲಿ ಕುರಿಚಿಯರೂ ಕುರುಮರೂ ಮತ್ತೆ ಎದ್ದರು. ಕೆಲವೇ ವಾರಗಳಲ್ಲಿ ಆ ದಂಗೆ ಅಡಗಿತು. ಪನಮರದಲ್ಲಿ ಚಂದುವಿನ ಸ್ಮಾರಕವುಂಟು. ನೋಡದವರು ಒಮ್ಮೆ ಮಕ್ಕಳೊಡನೆ ಹೋಗಿ ನೋಡಿ ಬರಬೇಕು.

ಆಮೇಲಿನ ಕಥೆ ಕಾಡಿನ ಕಥೆ. 19ನೆಯ ಶತಮಾನದ ನಡುವೆ ಮಾನಂದವಾಡಿಯ ಸುತ್ತ ಕಾಫಿಯ ತೋಟಗಳು ಹಬ್ಬಿದುವು. ತೋಟದ ದೊರೆಗಳು ಕೋವಿ ತಂದರು. ಬೇಟೆಯು ರಜೆಯ ಮನರಂಜನೆಯಾಯಿತು. ಎಡಕಲ್ಲಿನ ಗೀರುಚಿತ್ರಗಳನ್ನು 1890ರ ದಶಕದಲ್ಲಿ ಲೋಕದ ಗಮನಕ್ಕೆ ತಂದ ಫಾಸೆಟ್ ಎಂಬ ಪೊಲೀಸು ಅಧಿಕಾರಿಯೂ ಬೇಟೆಯ ಹವ್ಯಾಸದವನೇ. ಸಾವಿರಾರು ವರ್ಷಗಳ ಬಿಲ್ಲು ಮುಗಿಸಲಾರದ ಮೃಗಸಂಕುಲವನ್ನು ಕೋವಿ, ಕೊಡಲಿ, ತೋಟಗಳು ಒಂದು ಶತಮಾನದಲ್ಲಿ ಕಾಡಿನ ಮೂಲೆಗಳಿಗೆ ಒತ್ತಿದುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. 1973ರಲ್ಲಿ ವಯನಾಡು ಅಭಯಾರಣ್ಯವು ಸ್ಥಾಪಿತವಾಯಿತು. ಬಂಡೀಪುರ, ನಾಗರಹೊಳೆ, ಮುದುಮಲೆಗಳಿಗೆ ಹೊಂದಿಕೊಂಡಿರುವ ಆ ಕಾಡಿನಲ್ಲಿ ಮುತ್ತಂಗದ ರಸ್ತೆಯ ಬದಿಯಲ್ಲಿಯೇ ಸಾರಂಗಗಳು ನಿರ್ಭಯವಾಗಿ ಮೇಯುವುದನ್ನು ಇಂದು ನೋಡಬಹುದು. ಕಾಯಿದೆಯು ಬೇಕಾಗಿಯೇ ಇದ್ದಿತು. ಅದರ ಎದುರಿಗೆ ಕೋವಿಯ ದೊರೆಯೂ ಬಿಲ್ಲಿನ ಕುರಿಚಿಯನೂ ಸಮಾನ ಅಪರಾಧಿಗಳಾದುದು ಮಾತ್ರ ಚರಿತ್ರೆಯ ವಿಡಂಬನೆ.

ಬೇಟೆ ನಿಂತಾಗ ಮೃಗವು ಉಳಿಯಿತು, ಮಾತುಗಳು ಉಳಿಯಲಿಲ್ಲ. ಹೆದೆ, ಬತ್ತಳಿಕೆ, ಸರಳು ಎಂಬುವನ್ನು ನನ್ನ ತರಗತಿಯ ಮಕ್ಕಳು ಪಠ್ಯದ ಟಿಪ್ಪಣಿಯಿಂದ ಕಲಿಯುತ್ತಾರೆ. ದೀವ ಎಂದರೆ ಇತರ ಮೃಗಗಳನ್ನು ಸೆಳೆಯಲು ಪಳಗಿಸಿದ ಮೃಗವೆಂದು ಹೇಳಿದರೆ ಅವರಿಗೆ ಕೌತುಕ. ಸೋಹು ಎಂಬ ಮಾತು ಕುಮಾರವ್ಯಾಸನನ್ನು ಓದುವ ದಿನ ಮಾತ್ರ ಎಚ್ಚರಗೊಂಡು ಮತ್ತೆ ಮಲಗುವುದು. ಆದರೆ ಕಾಡಂಚಿನ ಹಾಡಿಗಳಿಂದ ಬರುವ ಕಾಟುನಾಯಕರ ಮಕ್ಕಳ ಮನೆಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಗಾಳಿಗೆ, ಜಾಡಿಗೆ, ಗೊರಸಿನ ಗುರುತಿಗೆ ಅವರ ಮನೆಯ ಮುದುಕರಲ್ಲಿ ಇನ್ನೂ ಬೇರೆ ಬೇರೆ ಮಾತುಗಳಿರುವುವು. ನಮ್ಮ ಸಂಘದ ಯುವಕರು ಒಂದು ಬೇಸಗೆಯ ರಜೆಯಲ್ಲಿ ಹಾಡಿಯಿಂದ ಹಾಡಿಗೆ ನಡೆದು ಅವನ್ನು ಬರೆದಿಟ್ಟರೆ ಮುಂದಿನ ಸಂಚಿಕೆಗೆ ಹತ್ತು ಪುಟಗಳು ಸಾಲವು.